ಮನೆ ಗ್ಯಾರೇಜಿನಲ್ಲಿ ಹಿಂದಿನ ಆಕ್ಸಲ್ ಬದಲಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ವಾಹನ: ಜೀಪ್ ಚೆರೋಕಿ ಎಕ್ಸ್‌ಜೆ, 1984ರಿಂದ 2001ರವರೆಗಿನದು.
ಇಳಿಸುವುದು: ಡಾನಾ 35.
ಏರಿಸುವುದು: 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8.
ಯಾರಿಗೆ: ಅಮೆರಿಕದಲ್ಲಿ ಹಳೆಯ ಚೆರೋಕಿ ಇಟ್ಟುಕೊಂಡು, ರಜೆಯ ದಿನ ಸ್ವಂತ ಗ್ಯಾರೇಜಿನಲ್ಲಿ ಈ ಕೆಲಸಕ್ಕೆ ಕೈಹಾಕುವ ಕನ್ನಡಿಗರಿಗೆ.

ಡಾನಾ 35ರ ಶಾಫ್ಟಿಗೆ 27 ಸ್ಪ್ಲೈನ್, 8.8ರದ್ದಕ್ಕೆ 31. ರಿಂಗ್ ಗೇರ್ 7.56 ಅಂಗುಲದಿಂದ 8.8 ಅಂಗುಲಕ್ಕೆ ಏರುತ್ತದೆ. ಚಕ್ರದ ಬೋಲ್ಟಿನ ಅಳತೆ ಎರಡರಲ್ಲೂ ಒಂದೇ: 5 ಬೋಲ್ಟ್, 4.5 ಅಂಗುಲ. ಅದಕ್ಕೇ ಇದು ಸುಲಭ ಅನ್ನಿಸುತ್ತದೆ. ಸುಲಭವಲ್ಲ. ಸ್ಪ್ರಿಂಗ್ ಕೂರುವ ಪರ್ಚ್ ಕಡಿದು ಹೊಸದನ್ನು ವೆಲ್ಡ್ ಮಾಡಬೇಕು, ಬ್ರೇಕ್ ಲೈನ್ ಬಿಚ್ಚಿ ಹೊಸದಾಗಿ ಜೋಡಿಸಬೇಕು. ಸ್ಟ್ಯಾಂಡ್ ಜಾರಿದರೆ ನೀವು ಸಾಯುತ್ತೀರಿ. ವೆಲ್ಡ್ ಬಿಟ್ಟರೆ, ಬ್ರೇಕ್ ಹಿಡಿಯದಿದ್ದರೆ ಎದುರಿನ ಗಾಡಿಯವರು ಸಾಯುತ್ತಾರೆ. ಈ ಮಾತನ್ನು ಕೆಳಗೆ ಮತ್ತೆ ಹೇಳುವುದಿಲ್ಲ.

ಮಾಡಬೇಕಾದ್ದು

*ಕೊಳ್ಳುವ ಮೊದಲು*

ನಿಮ್ಮ ಗಾಡಿಯಲ್ಲಿ ಈಗ ಯಾವ ಆಕ್ಸಲ್ ಇದೆ ಎಂದು ಬಗ್ಗಿ ನೋಡಿ. ಮೊಟ್ಟೆಯಾಕಾರದ ಕವರು, ಎಣ್ಣೆ ತುಂಬುವ ತೂತಿಗೆ ರಬ್ಬರ್ ಬಿರಡೆ ಇದ್ದರೆ ಡಾನಾ 35. ಕವರಿನ ಕೆಳ ಅಂಚು ಚಪ್ಪಟೆಯಾಗಿದ್ದರೆ ಕ್ರೈಸ್ಲರ್ 8.25.

ವೆಲ್ಡಿಂಗ್ ಬಾರದವರು 8.8 ಬಿಟ್ಟು, 1997ರಿಂದ ಈಚಿನ ಎಕ್ಸ್‌ಜೆಯ ಕ್ರೈಸ್ಲರ್ 8.25 ಹುಡುಕಿ. ಅದಕ್ಕೆ 29 ಸ್ಪ್ಲೈನ್ ಇದೆ, ಪರ್ಚ್ ಆಗಲೇ ಜೀಪಿನ ಅಳತೆಗಿದೆ, ಬೋಲ್ಟ್ ಬಿಗಿದರೆ ಕೂರುತ್ತದೆ. ಮನೆಯಲ್ಲಿ ಮಾಡುವ ಬಹುಪಾಲು ಜನರಿಗೆ ಇದೇ ಸರಿಯಾದ ಆಯ್ಕೆ.

ಮುಂದಿನ ಆಕ್ಸಲ್‌ನ ಗೇರ್ ರೇಷಿಯೊ ಖಚಿತ ಮಾಡಿಕೊಳ್ಳಿ. ಹಿಂದಿನದೂ ಅದೇ ಇರಬೇಕು. ಮುಂದೆ 3.55, ಹಿಂದೆ 3.73 ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಂಡು ಒಡೆಯುತ್ತದೆ.

ಗುಜರಿಯಲ್ಲಿ 8.8ರ ಡಿಫ್ ಕವರಿನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿ ಓದಿ. 3, ನಡುವೆ ಎಲ್ ಅಕ್ಷರ, ಆಮೇಲೆ 73 ಎಂದಿದ್ದರೆ ರೇಷಿಯೊ 3.73, ಲಿಮಿಟೆಡ್ ಸ್ಲಿಪ್.

ಚೀಟಿ ಇದ್ದರೂ ಹಲ್ಲು ಎಣಿಸಿ. ರಿಂಗಿನಲ್ಲಿ 41, ಪಿನಿಯನ್ನಿನಲ್ಲಿ 11 ಇದ್ದರೆ 3.73 ಎನ್ನುವುದು ನಿಜ.

ಶಾಫ್ಟ್ ಹೊರಗೆಳೆದು ಬೇರಿಂಗ್ ಓಡಿದ ಜಾಗದ ಮೇಲೆ ಉಗುರು ಎಳೆಯಿರಿ. ಈ ಆಕ್ಸಲ್‌ನಲ್ಲಿ ಬೇರಿಂಗಿನ ರೋಲರುಗಳು ನೇರವಾಗಿ ಶಾಫ್ಟಿನ ಮೈಮೇಲೆ ಉರುಳುತ್ತವೆ. ಉಗುರು ಸಿಕ್ಕಿಕೊಂಡರೆ ಆ ಶಾಫ್ಟ್ ಮುಗಿದಂತೆ, ಬೇರೆ ಹಾಕಿ.

ಕ್ಯಾಲಿಪರ್, ಡಿಸ್ಕ್, ಬ್ರಾಕೆಟ್, ಹ್ಯಾಂಡ್‌ಬ್ರೇಕ್ ಕೇಬಲ್, ಶಾಫ್ಟಿನ ಫ್ಲ್ಯಾಂಜ್ ಬೋಲ್ಟು ಎಲ್ಲವನ್ನೂ ಅದೇ ಗಾಡಿಯಿಂದ ತನ್ನಿ. ಫ್ಲ್ಯಾಂಜ್ ಬೋಲ್ಟಿಗೆ 12 ಮಿ.ಮೀ., 12 ಮೂಲೆಯ ಸಾಕೆಟ್ ಬೇಕು.

ಎಬಿಎಸ್ ಇರುವ ಗಾಡಿಯಾದರೆ ಹಿಂದಿನ ಸೆನ್ಸರಿಗೆ ಏನು ದಾರಿ ಎಂದು ಈಗಲೇ ತೀರ್ಮಾನಿಸಿ.

*ಗಾಡಿ ಎತ್ತುವಾಗ*

ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಿ.

ಮುಂದಿನ ಎರಡೂ ಚಕ್ರಕ್ಕೆ ಎರಡೂ ಕಡೆಯಿಂದ ಅಡೆ ಕೊಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವುಗಳನ್ನೇ ನೀವು ಬಿಚ್ಚುತ್ತೀರಿ. ಟೂ ವೀಲಿನಲ್ಲಿರುವಾಗ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಇಳಿಸಿದ ಮೇಲೆ ಪಾರ್ಕ್ ಗೇರೂ ಏನನ್ನೂ ಹಿಡಿಯುವುದಿಲ್ಲ. ಆ ಗಳಿಗೆಯಿಂದ ಗಾಡಿಯನ್ನು ತಡೆದಿರುವುದು ನೀವಿಟ್ಟ ಅಡೆ ಮಾತ್ರ.

ಸ್ಟ್ಯಾಂಡನ್ನು ಹಿಂದಿನ ಸ್ಪ್ರಿಂಗಿನ ಮುಂತುದಿಗಿಂತ ಮುಂದೆ, ಯೂನಿಬಾಡಿಯ ಉದ್ದಪಟ್ಟಿಯ ಕೆಳಗೆ ಇಡಿ.

ಸ್ಟ್ಯಾಂಡಿನ ಮಾದರಿ ಸಂಖ್ಯೆಯನ್ನು ಮರುಕರೆ ಪಟ್ಟಿಯಲ್ಲಿ ನೋಡಿ. 2020ರಲ್ಲಿ ಅಮೆರಿಕದಲ್ಲಿ ಹಾರ್ಬರ್ ಫ್ರೇಟ್ ತನ್ನ ಪಿಟ್ಸ್‌ಬರ್ಗ್ ಹೆಸರಿನ 3 ಟನ್ ಮತ್ತು 6 ಟನ್ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಯಿತು.

ಕೆಳಗೆ ತೂರುವ ಮೊದಲು ಗಾಡಿಯನ್ನು ಭುಜದಿಂದ ಜೋರಾಗಿ ತಳ್ಳಿ ನೋಡಿ. ಅಲುಗಿದರೆ ಇಳಿಸಿ, ಮತ್ತೆ ಎತ್ತಿ.

ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟುಗಳಿಗೆ ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಎಕ್ಸ್‌ಜೆಯಲ್ಲಿ ಇವು ಬಾಡಿಯೊಳಗೇ ಮುರಿಯುವುದಕ್ಕೆ ಹೆಸರಾದವು.

ಆಕ್ಸಲ್ ಇಳಿಸಲು ಇನ್ನೊಬ್ಬರನ್ನು ಕರೆದುಕೊಳ್ಳಿ.

*ವೆಲ್ಡಿಂಗ್*

ಪರ್ಚ್‌ಗಳ ಜಾಗವನ್ನು ಎರಡು ತುದಿಯ ಫ್ಲ್ಯಾಂಜ್‌ಗಳಿಂದ ಅಳೆಯಿರಿ. ಎಕ್ಸ್‌ಪ್ಲೋರರ್‌ನ ಪಿನಿಯನ್ ನಡುಮಧ್ಯದಲ್ಲಿಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಪಿನಿಯನ್ನಿನಿಂದ ಅಳೆದವರ ಗಾಡಿ ಏಡಿಯಂತೆ ಅಡ್ಡಡ್ಡ ಓಡುತ್ತದೆ.

ಹೊಸ ಪರ್ಚ್ 3.25 ಅಂಗುಲದ ಟ್ಯೂಬಿಗೆ ಹೊಂದುವುದನ್ನೇ ತನ್ನಿ.

ಪರ್ಚನ್ನು ಮೊದಲು ಟ್ಯೂಬಿನ ಮೇಲೆ ಸಡಿಲವಾಗಿಟ್ಟು ಆಕ್ಸಲ್ ಏರಿಸಿ. ಗಾಡಿಯ ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಬರಲಿ. ಆಮೇಲೆ ಪಿನಿಯನ್ ಕೋನ ಅಳೆಯಿರಿ. ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದೇ ಕ್ರಾಸ್ ಇದ್ದರೆ ಪಿನಿಯನ್ ಮತ್ತು ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಒಂದಕ್ಕೊಂದು ಸಮಾಂತರವಾಗಿರಬೇಕು. ಮುಂತುದಿಯಲ್ಲಿ ಜೋಡಿ ಕ್ರಾಸ್ ಇದ್ದರೆ ಪಿನಿಯನ್ ನೇರ ಟ್ರಾನ್ಸ್‌ಫರ್ ಕೇಸಿನ ಕಡೆ ನೋಡಬೇಕು, ಒಂದೆರಡು ಡಿಗ್ರಿ ತಗ್ಗಿ.

ಕೋನ ಸರಿಯಾದ ಜಾಗದಲ್ಲಿ ಗುರುತು ಕೊರೆದು ಆಕ್ಸಲನ್ನು ಹೊರಗೆ ತನ್ನಿ. ಟ್ಯಾಕ್ ಕೂಡ ಹೊರಗೇ ಹಾಕಿ. ಎಕ್ಸ್‌ಜೆಯ ಪೆಟ್ರೋಲ್ ಟ್ಯಾಂಕ್ ಆಕ್ಸಲ್‌ನ ಬೆನ್ನಿಗೇ ಇದೆ.

ಟ್ಯಾಕ್ ಹಾಕಿದ ಮೇಲೆ ಪಿನಿಯನ್ ಕೋನವನ್ನು ಇನ್ನೊಮ್ಮೆ ನೋಡಿ.

ಡಿಫ್ ಎಣ್ಣೆ ಪೂರ್ತಿ ಇಳಿಸಿ, ಶಾಫ್ಟ್ ಮತ್ತು ಸೀಲು ತೆಗೆಯಿರಿ.

ಬಣ್ಣ, ತುಕ್ಕು, ಜಿಡ್ಡು ಉಜ್ಜಿ ತೆಗೆದು ಬರಿ ಲೋಹ ಕಾಣಿಸಿ. ಅಸಿಟೋನಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ, ಡಬ್ಬಿಯನ್ನು ಗ್ಯಾರೇಜಿನಿಂದ ಹೊರಗಿಡಿ.

ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಟ್ಯೂಬಿಗೇ, ಹತ್ತಿರದಲ್ಲೇ ಸಿಕ್ಕಿಸಿ.

ಅದೇ ದಪ್ಪದ ತುಂಡು ಕಬ್ಬಿಣಕ್ಕೆ ಮೊದಲು ವೆಲ್ಡ್ ಹಾಕಿ, ಅಡ್ಡಕ್ಕೆ ಕತ್ತರಿಸಿ, ಲೋಹ ಒಳಗಿಳಿದಿದೆಯೇ ನೋಡಿ. ಮೇಲೆ ಚೆಂದ ಕಂಡು ಒಳಗೆ ಹಿಡಿಯದ ವೆಲ್ಡ್ ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ತುಂಡು ತುಂಡಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವೆಲ್ಡ್ ಹಾಕಿ, ನಡುವೆ ತಣಿಯಲು ಬಿಡಿ. ಒಂದೇ ಸಮನೆ ಕಾಯಿಸಿದರೆ ಟ್ಯೂಬ್ ಬಾಗುತ್ತದೆ.

ತುಂಡಿನ ಪರೀಕ್ಷೆಯಲ್ಲಿ ಸ್ವಲ್ಪ ಅನುಮಾನ ಬಂದರೂ ಟ್ಯಾಕ್‌ನಲ್ಲೇ ನಿಲ್ಲಿಸಿ, ಆಕ್ಸಲನ್ನು ಪ್ರಮಾಣಪತ್ರವಿರುವ ವೆಲ್ಡರ್ ಬಳಿಗೆ ಒಯ್ಯಿರಿ. ಒಂದು ಗಂಟೆಯ ಕೂಲಿ ಹೋಗುತ್ತದೆ, ಅಷ್ಟೇ.

ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಒಂದು ಗಂಟೆ ಗ್ಯಾರೇಜಿನಲ್ಲೇ ಇರಿ.

*ಜೋಡಣೆ*

ಹೊಸ ಸೀಲು, ಹೊಸ ಬೇರಿಂಗು, ಹೊಸ ಯು-ಬೋಲ್ಟು ಹಾಕಿ.

ಸಿ-ಕ್ಲಿಪ್ ಎರಡೂ ತಮ್ಮ ಗೂಡಿನಲ್ಲಿ ಕೂತಿವೆಯೇ ಎಂದು ದೀಪ ಹಿಡಿದು ನೋಡಿ. ಶಾಫ್ಟನ್ನು, ಅದರ ಜೊತೆಗೆ ಚಕ್ರವನ್ನು ಒಳಗೆ ಹಿಡಿದಿಡುವುದು ಈ ಬೆರಳಗಲದ ಕ್ಲಿಪ್ಪು.

ಕ್ರಾಸ್ ಪಿನ್ನಿನ ಲಾಕ್ ಬೋಲ್ಟನ್ನು ಹೊಸದು ತಂದು, ನಟ್ಟು ಕಚ್ಚಿಸುವ ಅಂಟು ಹಚ್ಚಿ ಬಿಗಿಯಿರಿ.

ಫ್ಲ್ಯಾಂಜಿಗೆ ಬೋಲ್ಟ್ ಆಗುವ ಅಡಾಪ್ಟರ್ ಬಳಸಿ. ಆಗ ಪಿನಿಯನ್ ನಟ್ಟು ಮುಟ್ಟಬೇಕಾಗಿಲ್ಲ.

75ಡಬ್ಲ್ಯು-140 ಸಿಂಥೆಟಿಕ್ ಎಣ್ಣೆ ತುಂಬಿ. ಲಿಮಿಟೆಡ್ ಸ್ಲಿಪ್ ಆದರೆ 4 ಔನ್ಸ್ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿ.

ಉಸಿರುನಳಿಗೆಯ ತೂತು ತೆರೆದಿದೆಯೇ ನೋಡಿ.

*ಬ್ರೇಕು*

ಲೈನಿನ ತುದಿಗಳನ್ನು ಡಬಲ್ ಫ್ಲೇರ್ ಮಾಡಿ.

ಆಕ್ಸಲ್ ಪೂರ್ತಿ ಕೆಳಗೆ ಜೋತಾಗ ಹೋಸ್ ಬಿಗಿಯಾಗದಷ್ಟು ಉದ್ದವಿದೆಯೇ ಪರೀಕ್ಷಿಸಿ.

ಹಿಂದೆ ಡ್ರಮ್ ಇದ್ದ ಗಾಡಿಗೆ ಡಿಸ್ಕ್ ಬಂದಿದೆ. ಪ್ರೊಪೋರ್ಷನಿಂಗ್ ವಾಲ್ವನ್ನು ಹಿಂದೆ ಡಿಸ್ಕ್ ಇದ್ದ ಗ್ರಾಂಡ್ ಚೆರೋಕಿಯದ್ದಕ್ಕೆ ಬದಲಿಸಿ.

ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೂ ಚಕ್ರದ ಬ್ರೇಕ್ ಲೈನಿನ ಗಾಳಿ ತೆಗೆಯಿರಿ.

ಹ್ಯಾಂಡ್‌ಬ್ರೇಕ್ ಒಂದರಿಂದಲೇ ಗಾಡಿ ಇಳಿಜಾರಿನಲ್ಲಿ ನಿಲ್ಲಬೇಕು. ನಿಲ್ಲಿಸಿ ನೋಡಿ.

ಖಾಲಿ ಮೈದಾನದಲ್ಲಿ ನಡಿಗೆಯ ವೇಗದಿಂದ ಪರೀಕ್ಷೆ ಶುರು ಮಾಡಿ.

50 ಮೈಲಿ ಓಡಿದ ಮೇಲೆ ಯು-ಬೋಲ್ಟು, ವೀಲ್ ನಟ್ಟು ಎಲ್ಲಕ್ಕೂ ಮತ್ತೆ ಟಾರ್ಕ್ ಸ್ಪಾನರ್ ಹಾಕಿ.

ಮಾಡಬಾರದ್ದು

ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು.

ಇಟ್ಟಿಗೆ, ಸಿಮೆಂಟ್ ಬ್ಲಾಕ್, ಮರದ ಹಲಗೆಗಳ ರಾಶಿ ಸ್ಟ್ಯಾಂಡ್ ಅಲ್ಲ. ಬೇಡ.

ಮನೆಯಲ್ಲಿ ಯಾರೂ ಇಲ್ಲದಾಗ ಗಾಡಿಯ ಕೆಳಗೆ ಹೋಗುವುದು ಬೇಡ.

ಮಕ್ಕಳನ್ನು ಗ್ಯಾರೇಜಿನೊಳಗೆ ಬಿಡಬಾರದು.

ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಲ್ಲಿ ತೊಳೆದ ಲೋಹಕ್ಕೆ ವೆಲ್ಡ್ ಹಾಕಬಾರದು. ಆ ಬಿಸಿಯಲ್ಲಿ ಹುಟ್ಟುವುದು ಫಾಸ್‌ಜೀನ್, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ವಿಷಾನಿಲ. ಹೊತ್ತು ಕಳೆದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದದೆ ಯಾವ ಸ್ಪ್ರೇಯನ್ನೂ ಹತ್ತಿರ ತರಬೇಡಿ.

ಸತುವಿನ ಲೇಪವಿರುವ ತಗಡು, ಬೋಲ್ಟಿಗೆ ಲೇಪ ತೆಗೆಯದೆ ವೆಲ್ಡ್ ಬೇಡ.

ಗಾಡಿಯಲ್ಲಿ ಕೂರಿಸಿದ ಆಕ್ಸಲ್‌ಗೆ ವೆಲ್ಡ್ ಬೇಡವೇ ಬೇಡ, "ಎರಡೇ ಟ್ಯಾಕ್" ಎಂದರೂ ಬೇಡ.

120 ವೋಲ್ಟಿನ ಪುಟ್ಟ ವೆಲ್ಡರಿನಿಂದ ಪರ್ಚ್ ಹಿಡಿಸಲು ಹೋಗಬಾರದು.

ನಡುವಿನ ಡಿಫ್ ಗೂಡು ಎರಕದ ಕಬ್ಬಿಣ. ಮುಂಚೆ ಕಾಯಿಸದೆ, ನಿಕಲ್ ರಾಡ್ ಇಲ್ಲದೆ ಅದಕ್ಕೆ ಟ್ಯೂಬನ್ನು ವೆಲ್ಡ್ ಮಾಡಬಾರದು. ತಣಿಯುವಾಗ ಬಿರುಕು ಬಿಡುತ್ತದೆ.

ಹಳೆಯ ಪರ್ಚ್ ಕಡಿಯುವಾಗ ಗ್ರೈಂಡರ್ ಟ್ಯೂಬಿನೊಳಗೆ ಇಳಿಯಬಾರದು. ಕೊನೆಯ ಪದರವನ್ನು ನಿಧಾನವಾಗಿ ಸವೆಸಿ.

ಗ್ರೈಂಡರಿನ ಗಾರ್ಡ್ ತೆಗೆಯಬಾರದು.

ಪಿನಿಯನ್ ನಟ್ಟನ್ನು ಸಡಿಲಿಸಿ ಅಂದಾಜಿನಲ್ಲಿ ಮತ್ತೆ ಬಿಗಿಯಬಾರದು. ಒಳಗಿನ ಕ್ರಷ್ ಸ್ಲೀವ್ ಒಮ್ಮೆ ಮಾತ್ರ ಕುಗ್ಗುತ್ತದೆ. ಹೆಚ್ಚು ಬಿಗಿದಿರಿ ಎಂದು ತಿರುಗಿ ಬಿಟ್ಟರೆ ಸರಿಹೋಗುವುದಿಲ್ಲ, ಹೊಸ ಸ್ಲೀವ್ ಹಾಕಲೇಬೇಕು.

ಕ್ರಾಸ್ ಪಿನ್ ತೆಗೆದಿರುವಾಗ ಡಿಫ್ ತಿರುಗಿಸಬೇಡಿ. ಒಳಗಿನ ಸಣ್ಣ ಗೇರುಗಳು ಉದುರುತ್ತವೆ.

ಕ್ಯಾಲಿಪರನ್ನು ಹೋಸಿನಲ್ಲಿ ನೇತುಬಿಡಬಾರದು. ತಂತಿ ಕಟ್ಟಿ.

ಬ್ರೇಕ್ ಲೈನಿಗೆ ಕಂಪ್ರೆಷನ್ ಫಿಟ್ಟಿಂಗ್ ಬೇಡ.

ಪೆಡಲ್ ಮೆತ್ತಗಿರುವಾಗ "ಓಡುತ್ತಾ ಸರಿಹೋಗುತ್ತದೆ" ಎಂದು ರಸ್ತೆಗಿಳಿಯಬಾರದು. ಸರಿಹೋಗುವುದಿಲ್ಲ.

ಹಳೆಯ ಯು-ಬೋಲ್ಟ್ ಮತ್ತೆ ಬೇಡ. ಅವು ಒಮ್ಮೆ ಹಿಗ್ಗಿವೆ, ಹೊಸ ಟ್ಯೂಬಿನ ಅಗಲಕ್ಕೂ ಹೊಂದುವುದಿಲ್ಲ.

ಸ್ಪ್ರಿಂಗಿನ ಮುಂತುದಿಯ ಬೋಲ್ಟು ಬಿಚ್ಚುವುದು ಬೇಡ. ಈ ಕೆಲಸಕ್ಕೆ ಅದು ಬೇಕಿಲ್ಲ. ಬಿಚ್ಚಹೋದರೆ ಬಾಡಿಯೊಳಗಿನ ನಟ್ಟು ಕಿತ್ತುಬರುತ್ತದೆ.

ನಿದ್ದೆಗೆಟ್ಟು ಭಾನುವಾರ ರಾತ್ರಿಯೊಳಗೆ ಮುಗಿಸುವ ಹಟ ಬೇಡ. ಸೋಮವಾರ ಕೆಲಸಕ್ಕೆ ಹೋಗಲು ಬೇರೆ ಗಾಡಿ ಇಲ್ಲದವರು ಶುರು ಮಾಡಲೇಬಾರದು. ಬ್ರೇಕಿನ ಕೆಲಸ ಬರುವುದು ಕೊನೆಗೆ, ಅವಸರವೂ ಹೆಚ್ಚುವುದು ಕೊನೆಗೆ.

ವಿಮೆಯವರಿಗೆ ತಿಳಿಸದೆ, ನಿಮ್ಮ ರಾಜ್ಯದ ತಪಾಸಣೆ ನಿಯಮ ಓದದೆ ಬದಲಿಸಬಾರದು.

ಕೊಡಗು, ಸಕಲೇಶಪುರದ ತೋಟಗಳಲ್ಲಿ ಹಳೆಯ ಜೀಪು ಇಟ್ಟುಕೊಂಡವರು ಇದನ್ನು ಓದಿ ಅದೇ ಕೆಲಸಕ್ಕೆ ಇಳಿಯಬೇಡಿ. ಭಾರತದ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಗಾಡಿ ಮಾರುವಾಗ ಈ ಬದಲಾವಣೆಯನ್ನು ಮುಚ್ಚಿಡಬಾರದು. ಹಿಂದಿನ ಬ್ರೇಕ್ ಪ್ಯಾಡು, ಸೀಲು, ಬೇರಿಂಗು ಎಲ್ಲ ಎಕ್ಸ್‌ಪ್ಲೋರರ್‌ನದು ಎಂದು ಇಸವಿಯ ಸಮೇತ ಬರೆದು, ಬಾನೆಟ್ಟಿನ ಒಳಬದಿಗೆ ಅಂಟಿಸಿ ಕೊಡಿ.