ಸ್ವಚ್ಛವಾಗಿ ಕಾಣುವ ಕೈ

ಬಂಗೂರನಗರದ ಕಾಗದ ಕಾರ್ಖಾನೆಯಲ್ಲಿ ದುಡಿದು ಬಂದವರ ಕೈಯ ಕೊಳೆ ಕಣ್ಣಿಗೆ ಕಾಣುತ್ತದೆ. ತೊಳೆಯದೆ ಯಾರೂ ಊಟಕ್ಕೆ ಕೂಡುವುದಿಲ್ಲ. ಆಸ್ಪತ್ರೆ ಸಿಬ್ಬಂದಿಯ ಕೈಗೆ ಅಂಟುವ ರೋಗಾಣುಗಳು ಮಾತ್ರ ಕಾಣುವುದಿಲ್ಲ. ಒಬ್ಬ ರೋಗಿಯ ನಾಡಿ ಹಿಡಿದಾಗ, ಮಂಚದ ಕಂಬಿ ಮುಟ್ಟಿದಾಗ ಅವು ಕೈಗೆ ಹತ್ತಿ, ಮುಂದಿನ ರೋಗಿಯ ಗಾಯಕ್ಕೋ ಸಲೈನ್ ಸೂಜಿಯ ಜಾಗಕ್ಕೋ ಸೇರಬಹುದು. ಚರ್ಮದಲ್ಲೇ ನೆಲೆಸಿದ ಬ್ಯಾಕ್ಟೀರಿಯಾಗಳು ಬೇರೆ; ಹೀಗೆ ಹೊರಗಿನಿಂದ ಹತ್ತಿದವು ಸರಿಯಾಗಿ ತೊಳೆದರೆ ಬಹುಪಾಲು ಹೋಗುತ್ತವೆ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ವೈದ್ಯರು ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆ ಕೋಣೆಗೆ ಬರುವುದನ್ನು ಡಾ. ಸೆಮ್ಮೆಲ್‌ವೈಸ್ ಗಮನಿಸಿ, ಬ್ಲೀಚಿಂಗ್ ಪುಡಿಯಂಥ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ತಮ್ಮ ಕೈಯೇ ಕಾರಣವೆಂದು ಒಪ್ಪಲು ಬಹಳ ವೈದ್ಯರು ಸಿದ್ಧರಿರಲಿಲ್ಲ. ಮನುಷ್ಯ ಸ್ವಭಾವ!

ಸೋಪು ನೀರಾದರೆ 40ರಿಂದ 60 ಸೆಕೆಂಡು, ಸ್ಪಿರಿಟ್ ದ್ರಾವಣವಾದರೆ 20ರಿಂದ 30 ಸೆಕೆಂಡು ಕೈ ಉಜ್ಜಬೇಕು. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಬಿಡಬಾರದು. ಕೈಗೆ ಕೊಳೆಯೋ ರಕ್ತವೋ ಹತ್ತಿದ್ದರೆ ಸೋಪು ನೀರೇ ಬೇಕು. ಕೈಗವಸು ಹಾಕಿದರೆ ಸಾಕೆಂಬುದು ತಪ್ಪು ತಿಳುವಳಿಕೆ. ಅದನ್ನು ತೆಗೆದ ಮೇಲೂ ಕೈ ತೊಳೆಯಬೇಕು.

ಹಳಿಯಾಳ, ಜೋಯಿಡಾ ಕಡೆಯ ಹಳ್ಳಿಗಳಿಂದ ಬಂದವರು ಇದನ್ನೆಲ್ಲ ಕೇಳಲು ಅಂಜುತ್ತಾರೆ. ಅಂಜಬೇಡಿರಿ. “ಸಿಸ್ಟರ್, ಕೈ ತೊಳಕೊಂಡೀರೇನ್ರಿ?” ಎಂದು ಕೇಳಿರಿ. ಕೇಳಿದ್ದಕ್ಕೆ ಯಾರೂ ಸಿಟ್ಟಾಗಬಾರದು. ನೋಡಲು ಬರುವ ಬಂಧುಗಳೂ ಕೂಸನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆದುಕೊಂಡು ಬರಬೇಕು.