ಸೆಂಟ್ಸಿನಿಂದ ಗುಂಟೆಗೆ: ಜಮೀನು ಕೊಳ್ಳುವವರಿಗೆ ತ್ರೈರಾಶಿ

ಕಂಪ್ಲಿಯ ಸೇತುವೆ ದಾಟಿ ಗಂಗಾವತಿ ಕಡೆ ಹೋದರೆ ತುಂಗಭದ್ರೆಯ ನೀರೂ ಅದೇ, ಭತ್ತವೂ ಅದೇ. ಹೊಲದ ಅಳತೆ ಮಾತ್ರ ಬೇರೆ. ಈಚೆ ದಡದ ಕಂಪ್ಲಿ, ಹೊಸಪೇಟೆ, ಸಂಡೂರುಗಳಲ್ಲಿ ಎಕರೆ–ಸೆಂಟ್ಸ್, ಆಚೆಗೆ ಎಕರೆ–ಗುಂಟೆ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, ಗಂಗಾವತಿ ನಿಜಾಮರ ಹೈದರಾಬಾದಿನಲ್ಲಿತ್ತು. ಗಡಿ ಅಳಿಸಿಹೋಯಿತು, ಅಳತೆ ಉಳಿಯಿತು.

ದೋಣಿಮಲೈನಂಥ ಗಣಿ ಊರಿನವರಿಗೆ ಈ ತೊಡಕು ಇನ್ನೂ ಹೆಚ್ಚು. ಗಣಿ ಗುತ್ತಿಗೆಯ ವಿಸ್ತೀರ್ಣ ಹೆಕ್ಟೇರಿನಲ್ಲಿ, ತಗ್ಗಿನ ಹೊಲದ ಪಹಣಿ ಎಕರೆಯಲ್ಲಿ, ಸೈಟಿನ ಮಾತು ಅಡಿಯಲ್ಲಿ, ಖಾತೆಯ ನಮೂನೆ ಚದರ ಮೀಟರಿನಲ್ಲಿ. ನಿವೃತ್ತಿಯ ಹಣದಲ್ಲಿ ತುಂಡು ಭೂಮಿ ಕೊಳ್ಳುವವರು ಈ ಲೆಕ್ಕವನ್ನು ಮಧ್ಯವರ್ತಿಯ ಬಾಯಿಗೆ ಬಿಡಬಾರದು. ಕಾಗದ, ಪೆನ್ನು ಸಾಕು.

ಮೊದಲು ಇಷ್ಟು ಬರೆದಿಟ್ಟುಕೊಳ್ಳಿ. 1 ಎಕರೆ ಎಂದರೆ 43,560 ಚದರಡಿ. ಅದೇ 100 ಸೆಂಟ್ಸ್, ಅದೇ 40 ಗುಂಟೆ. ಒಂದು ಸೆಂಟ್ 435.6 ಚದರಡಿ. ಒಂದು ಗುಂಟೆ 1,089 ಚದರಡಿ, ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದರ ಹದಿನಾರನೇ ಒಂದು ಪಾಲು ಆಣೆ. 1 ಹೆಕ್ಟೇರ್ ಸುಮಾರು 2.471 ಎಕರೆ.

ಇನ್ನು ವಿಧಾನ. ನಮ್ಮ ಹಳೆಯ ಗಣಿತದ ತ್ರೈರಾಶಿಯೇ ಇದು. ಮಹಾವೀರಾಚಾರ್ಯರು 9ನೇ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ವಿವರಿಸಿದ್ದಾರೆ. ಗೊತ್ತಿರುವ ಜೋಡಿಯಲ್ಲಿ ಮೊದಲನೆಯದು ಪ್ರಮಾಣ, ಅದಕ್ಕೆ ಸರಿಸಮನಾದದ್ದು ಫಲ, ನಾವು ಬದಲಿಸಬೇಕಾದ ಮೊತ್ತ ಇಚ್ಛೆ. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ. ಕಟ್ಟುನಿಟ್ಟಾದ ನಿಯಮ ಒಂದೇ: ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯ ಅಳತೆಯಾಗಿರಬೇಕು. ಹಾಗಾಗಿ ಪ್ರತಿ ಅಂಕಿಯ ಪಕ್ಕದಲ್ಲಿ ಅಳತೆಯ ಹೆಸರನ್ನು ಬಿಡದೆ ಬರೆಯಿರಿ. ಬಹುಪಾಲು ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಕಂಪ್ಲಿ ಕಡೆಯ ಒಂದು ಹೊಲ 3 ಎಕರೆ 65 ಸೆಂಟ್ಸ್ ಇದೆ ಎನ್ನೋಣ. ಎಕರೆಯನ್ನು ಮುಟ್ಟಬೇಡಿ, ಅದು ಎರಡೂ ದಡದಲ್ಲಿ ಒಂದೇ. 65 ಸೆಂಟ್ಸನ್ನು ಮಾತ್ರ ತೆಗೆದುಕೊಳ್ಳಿ.

100 ಸೆಂಟ್ಸ್‌ಗೆ 40 ಗುಂಟೆ
65 ಸೆಂಟ್ಸ್‌ಗೆ ಎಷ್ಟು?
65 × 40 ÷ 100 = 26 ಗುಂಟೆ

ಹೊಲ 3 ಎಕರೆ 26 ಗುಂಟೆ. ಬಾಯಿಲೆಕ್ಕಕ್ಕೆ 5 ಸೆಂಟ್ಸ್‌ಗೆ 2 ಗುಂಟೆ ಎಂದು ನೆನಪಿಟ್ಟರೆ ಸಾಕು. ಉತ್ತರ ಬಂದ ಮೇಲೆ ತಿರುಗಿಸಿ ನೋಡಿ: 26 × 5 ÷ 2 = 65. ಗುಂಟೆ ದೊಡ್ಡ ಅಳತೆ, ಆದ್ದರಿಂದ ಅಂಕಿ ಚಿಕ್ಕದಾಗಲೇಬೇಕು. ದೊಡ್ಡದಾಗಿದ್ದರೆ ತ್ರೈರಾಶಿ ತಲೆಕೆಳಗಾಗಿದೆ ಎಂದೇ ಅರ್ಥ.

ಬೆಲೆಯಲ್ಲಿ ಇದು ಹಿಂದುಮುಂದಾಗುತ್ತದೆ. ಸೆಂಟ್‌ಗೆ 40,000 ರೂಪಾಯಿ ಎಂದರೆ ಗುಂಟೆಗೆ ಅದರ ಎರಡೂವರೆ ಪಟ್ಟು, 1 ಲಕ್ಷ. ವಿಸ್ತೀರ್ಣದ ಅಂಕಿ ಇಳಿದಷ್ಟು ದರದ ಅಂಕಿ ಏರುತ್ತದೆ.

ಎಲ್ಲಕ್ಕಿಂತ ಅಪಾಯದ್ದು ನಡುವಿನ ಚುಕ್ಕೆ. ‘2.25’ ಎಂದು ಬರೆದ ಚೀಟಿ ಕೈಗೆ ಬಂದರೆ, ಸೆಂಟ್ಸ್ ಲೆಕ್ಕದಲ್ಲಿ ಅದು ಎರಡೂಕಾಲು ಎಕರೆ. ಗುಂಟೆ ಲೆಕ್ಕದಲ್ಲಿ 2 ಎಕರೆ 62.5 ಸೆಂಟ್ಸ್. ವ್ಯತ್ಯಾಸ 15 ಗುಂಟೆ, ಎಕರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಚುಕ್ಕೆಯ ಮುಂದಿನ ಅಂಕಿ ಯಾವುದೆಂದು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ.

ಸೈಟಿಗೂ ಇದೇ ದಾರಿ. 30×40 ಸೈಟು 1,200 ಚದರಡಿ; 435.6ರಿಂದ ಭಾಗಿಸಿದರೆ ಸುಮಾರು 2.75 ಸೆಂಟ್ಸ್, 1,089ರಿಂದ ಭಾಗಿಸಿದರೆ 1.1 ಗುಂಟೆ. ಆದರೆ ಚದರ ಮೀಟರಿಗೆ ಹೋಗುವಾಗ ಹುಷಾರು. ಒಂದು ಮೀಟರ್ 3.28 ಅಡಿ ಎಂದು 1,200ನ್ನು 3.28ರಿಂದ ಭಾಗಿಸಿದರೆ 366 ಬರುತ್ತದೆ, ಅದು ತಪ್ಪು. ಒಂದು ಚದರ ಮೀಟರ್ 10.764 ಚದರಡಿ, ಆದ್ದರಿಂದ ಸರಿಯಾದ ಉತ್ತರ 111.48 ಚದರ ಮೀಟರ್. ಉದ್ದವೂ ಅಗಲವೂ ಎರಡೂ ಬದಲಾಗುತ್ತವಲ್ಲ.

ಭತ್ತದ ಮಾರಾಟದಲ್ಲೂ ತ್ರೈರಾಶಿ ಬೇಕು. ಇಲ್ಲಿ ವ್ಯಾಪಾರಿ 75 ಕಿಲೋ ಚೀಲಕ್ಕೆ ದರ ಹೇಳುತ್ತಾನೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ. 2025–26ರಲ್ಲಿ ಸಾಮಾನ್ಯ ಭತ್ತಕ್ಕೆ ಅದು 2,369 ರೂಪಾಯಿ ಇತ್ತು. 75ರಿಂದ ಗುಣಿಸಿ 100ರಿಂದ ಭಾಗಿಸಿದರೆ ಚೀಲಕ್ಕೆ 1,776.75 ರೂಪಾಯಿ. ವ್ಯಾಪಾರಿಯ ದರವನ್ನು ಆಯಾ ವರ್ಷದ ಇಂಥ ಅಂಕಿಯ ಪಕ್ಕದಲ್ಲಿಟ್ಟು ನೋಡಿ.

ಜಲಾಶಯದ ಹರಿವಿನ ಸುದ್ದಿ ಓದುವಾಗಲೂ ಇದೇ ತ್ರೈರಾಶಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಘನ ಅಡಿ. ಒಂದು ಟಿಎಂಸಿ ನೂರು ಕೋಟಿ ಘನ ಅಡಿ. ಹಾಗಾಗಿ 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. 20,000 ಕ್ಯುಸೆಕ್ ಹರಿದರೆ ಸುಮಾರು 1.73 ಟಿಎಂಸಿ.

ಕೊನೆಗೆ ಚೂರುಪಾರಿನ ವಿಷಯ. 68 ಸೆಂಟ್ಸ್ ಎಂದರೆ 27.2 ಗುಂಟೆ. ಆ 0.2 ಗುಂಟೆಯನ್ನು ಹಾಗೇ ಬಿಟ್ಟರೆ 217.8 ಚದರಡಿ ಹೋಯಿತು, ಒಂದು ಕೋಣೆಯ ಜಾಗ. 16ರಿಂದ ಗುಣಿಸಿದರೆ 3.2 ಆಣೆ; ಅದನ್ನೂ ಬರೆಯಿರಿ. ಅಂಕಿಯನ್ನು ಸುತ್ತುವುದಿದ್ದರೆ ಕೊನೆಯ ಉತ್ತರದಲ್ಲಿ ಮಾತ್ರ. ಕಾಗದದ ಲೆಕ್ಕ ಸರಿಯಿದ್ದೂ ಬದುವಿನಲ್ಲಿ ಅನುಮಾನ ಉಳಿದರೆ, ನೋಂದಣಿಗೆ ಮುಂಚೆಯೇ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರು ಅಳೆಯುವಾಗ ನೀವೂ ಹೊಲದಲ್ಲಿರಿ.