40 ನಿಮಿಷದ ತಂಬುಳಿ

ಪ್ರಶ್ನೆ: ಅಮ್ಮ ಅಡುಗೆ ಮಾಡುವುದನ್ನು ಫೋನಿನಲ್ಲಿ ಹಿಡಿದು ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುತ್ತೇನೆ. ಮೊನ್ನೆ 40 ನಿಮಿಷದ ತಂಬುಳಿಯನ್ನು 8 ನಿಮಿಷಕ್ಕೆ ಇಳಿಸಲು ಇಡೀ ಭಾನುವಾರ ಹಿಡಿಯಿತು. ಬ್ಲೇಡಿನಲ್ಲಿ ಕ್ಲಿಪ್ ತುಂಡು ಮಾಡಿ ಮಾಡಿ ಮಣಿಕಟ್ಟು ನೋಯುತ್ತಿದೆ. ಬೇಗ ಕತ್ತರಿಸುವ ದಾರಿ ಇಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇದೆ. ಅದಕ್ಕೂ ಮೊದಲು ನಿಮ್ಮ ಕೈ ಏನೇನು ಮಾಡುತ್ತಿದೆ ಎಂದು ಒಮ್ಮೆ ಎಣಿಸಿ. ಅಮ್ಮ ಮಾತು ನಿಲ್ಲಿಸಿ ಡಬ್ಬಿ ಹುಡುಕಿದ ಭಾಗ ಬೇಡ ಅಂತಿಟ್ಟುಕೊಳ್ಳಿ. ಬ್ಲೇಡ್ ಎತ್ತಿಕೊಂಡಿರಿ, ಆ ಭಾಗದ ಮೊದಲಿಗೊಂದು ಗೀರು, ಕೊನೆಗೊಂದು ಗೀರು. ಬ್ಲೇಡ್ ಬಿಟ್ಟು ಬಾಣ ಹಿಡಿದಿರಿ, ತುಂಡನ್ನು ಆರಿಸಿದಿರಿ, ಅಳಿಸಿದಿರಿ, ಉಳಿದ ಖಾಲಿ ಜಾಗ ಮುಚ್ಚಲು ಮುಂದಿನದನ್ನೆಲ್ಲ ಎಳೆದು ತಂದಿರಿ. ಒಂದು ಡಬ್ಬಿಗೆ ಏಳು ಕೆಲಸ. ಇಂಥವು ನೂರಿದ್ದರೆ ಏಳುನೂರು. ಮಣಿಕಟ್ಟು ನೋಯದೆ ಇನ್ನೇನು!

ಬ್ಲೇಡನ್ನು ಮರೆತುಬಿಡಿ. ಟೈಮ್‌ಲೈನ್ ಮೇಲೆ ಓಡುವ ಆ ಕೆಂಪು ಗೆರೆ, ಪ್ಲೇಹೆಡ್, ಅದೇ ನಿಮ್ಮ ಕತ್ತಿ. ಬೇಡದ ಭಾಗ ಶುರುವಾಗುವಲ್ಲಿ ಅದನ್ನು ನಿಲ್ಲಿಸಿ ಕಂಟ್ರೋಲ್ ಜೊತೆ ಬಿ ಒತ್ತಿ, ಕ್ಲಿಪ್ ಅಲ್ಲೇ ಎರಡಾಗುತ್ತದೆ. ಮುಂದಕ್ಕೆ ಓಡಿಸಿ, ಅಮ್ಮ ಮತ್ತೆ ಬಾಯಿ ತೆರೆಯುವಲ್ಲಿ ನಿಲ್ಲಿಸಿ, ಕಂಟ್ರೋಲ್, ಶಿಫ್ಟ್ ಮತ್ತು ಎಡ ಚೌಕ ಕಂಸದ ಕೀ ಒಟ್ಟಿಗೆ ಒತ್ತಿ. ಗೀರಿನಿಂದ ಪ್ಲೇಹೆಡ್‌ವರೆಗಿನದು ಮಾಯ, ಖಾಲಿ ಜಾಗವೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಏಳರ ಜಾಗದಲ್ಲಿ ಎರಡು. ಬಲ ಕಂಸದ ಕೀ ಇದರ ತಿರುವುಮುರುವು: ಪ್ಲೇಹೆಡ್‌ನಿಂದ ಕ್ಲಿಪ್ಪಿನ ಕೊನೆವರೆಗಿನದನ್ನು ತೆಗೆಯುತ್ತದೆ. ಪ್ರೀಮಿಯರ್ ಪ್ರೊ ಬಳಸುವವರಿಗೆ ಇದೇ ಕೆಲಸಕ್ಕೆ ಕ್ಯೂ ಮತ್ತು ಡಬ್ಲ್ಯೂ ಇವೆ, ಸೀಳಲು ಕಂಟ್ರೋಲ್ ಜೊತೆ ಕೆ. ಒಂಟಿ ಕೀ ಎಷ್ಟು ಹಿತವೆಂದರೆ, ರಿಸಾಲ್ವ್‌ನಲ್ಲೂ ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ನಿಮಗೆ ಒಗ್ಗುವ ಕೀಗೆ ಬದಲಾಯಿಸಿಕೊಳ್ಳಿ ಎನ್ನುತ್ತೇನೆ.

ಇನ್ನೊಂದು. ರಿಸಾಲ್ವ್‌ನಲ್ಲಿ ಬ್ಯಾಕ್‌ಸ್ಪೇಸ್ ಬೇರೆ, ಡಿಲೀಟ್ ಬೇರೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಖಾಲಿ ಜಾಗ ಹಾಗೇ ಬಿದ್ದಿರುತ್ತದೆ. ಡಿಲೀಟ್ ಒತ್ತಿದರೆ ಮುಚ್ಚುತ್ತದೆ. ನಿಮ್ಮ ಎಳೆದಾಟದಲ್ಲಿ ಅರ್ಧ ಇಷ್ಟರಲ್ಲೇ ತಪ್ಪುತ್ತದೆ. ಹಿನ್ನೆಲೆ ಸಂಗೀತವನ್ನು ಮಾತ್ರ ಕತ್ತರಿಸುವುದೆಲ್ಲ ಮುಗಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಅದೂ ತುಂಡಾಗುತ್ತದೆ.

ಪ್ಲೇಹೆಡ್ ನಡೆಸಲು ಮೌಸ್ ಬೇಡ. ಎಲ್ ಒತ್ತಿದರೆ ಮುಂದಕ್ಕೆ, ಜೆ ಹಿಂದಕ್ಕೆ, ಕೆ ನಿಲ್ಲಿಸಲು. ಎಲ್ ಅನ್ನೇ ಮತ್ತೆ ಒತ್ತಿದರೆ ವೇಗ ಹೆಚ್ಚುತ್ತದೆ. ಅಮ್ಮನ ನಿಧಾನದ ಮಾತನ್ನು ಎರಡರಷ್ಟು ವೇಗದಲ್ಲಿ ಕೇಳಿದರೂ ಅರ್ಥವಾಗುತ್ತದೆ, ನಿಮ್ಮ ಭಾನುವಾರದಲ್ಲಿ ಒಂದಿಷ್ಟು ಅಲ್ಲೇ ಉಳಿಯಿತು. ಕೂದಲೆಳೆಯ ಲೆಕ್ಕಕ್ಕೆ ಬಾಣದ ಕೀಗಳಿವೆ: ಒಂದು ಒತ್ತಿಗೆ ಒಂದು ಫ್ರೇಮ್. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಅದು 40 ಮಿಲಿಸೆಕೆಂಡ್.

ಆದರೂ ಫ್ರೇಮ್ ಫ್ರೇಮಾಗಿ ತಿಣುಕುವ ಚಟ ಹತ್ತಿಸಿಕೊಳ್ಳಬೇಡಿ. ‘ದಿ ಇಂಗ್ಲಿಷ್ ಪೇಷೆಂಟ್’ (1996) ಚಿತ್ರಕ್ಕೆ ಸಂಕಲನದ ಆಸ್ಕರ್ ಪಡೆದ ವಾಲ್ಟರ್ ಮರ್ಚ್ ನಿಂತುಕೊಂಡೇ ಎಡಿಟ್ ಮಾಡುವವರು. ಶಾಟನ್ನು ಓಡಲು ಬಿಟ್ಟು, ಸಾಕೆನ್ನಿಸಿದ ಗಳಿಗೆಯಲ್ಲಿ ಕೀ ಒತ್ತುತ್ತಾರೆ. ಮತ್ತೆ ಮೊದಲಿಂದ ಓಡಿಸಿ ಮತ್ತೆ ಒತ್ತುತ್ತಾರೆ. ಎರಡು ಸಲವೂ ಅದೇ ಫ್ರೇಮ್ ಬಂದರೆ ಗೀರು ಅಲ್ಲೇ. ನಾವು ಅಷ್ಟು ಪಳಗಿದವರಲ್ಲ, ನನ್ನ ಬೆರಳು ನಾಲ್ಕೈದು ಫ್ರೇಮ್ ಆಚೀಚೆ ಬೀಳುತ್ತದೆ. ಹಾಗಿದ್ದರೂ ಓಡುವಾಗ ಹಾಕಿದ ಗೀರಿಗೆ ಒಂದು ಲಯ ಇರುತ್ತದೆ, ನಿಂತ ಚಿತ್ರ ನೋಡಿ ಹಾಕಿದ್ದಕ್ಕೆ ಅದು ಬರುವುದು ಕಷ್ಟ.

ಕನ್ನಡದ ಮಾತು ಕತ್ತರಿಸುವಾಗ ಒಂದು ಅಪಾಯವಿದೆ, ಇದನ್ನು ಪೆಟ್ಟು ತಿಂದು ಕಲಿತೆ. ನಮ್ಮಲ್ಲಿ ಹೌದೋ ಅಲ್ಲವೋ ಎಂಬುದು ತಿಳಿಯುವುದೇ ವಾಕ್ಯದ ಬಾಲದಲ್ಲಿ. ನಾನು ಎಡಿಟ್ ಮಾಡುತ್ತಿದ್ದ ವಿಡಿಯೊದಲ್ಲಿ ಕೃಷಿಕರೊಬ್ಬರು ಹೇಳಿದ್ದರು: “ಹೂ ಬಿಟ್ಟಾಗ ಔಷಧಿ ಹೊಡೆಯೋದು…” ಒಂದುಸಿರು ಬಿಟ್ಟು, ಮೆಲ್ಲಗೆ, “ಬೇಡ.” ಧ್ವನಿಯ ಅಲೆ ಆ ‘ಬೇಡ’ದಲ್ಲಿ ಎಷ್ಟು ಸಣ್ಣದಾಗಿತ್ತೆಂದರೆ ಮಾತು ಮುಗಿಯಿತೆಂದೇ ತಿಳಿದು ನಾನು ಮುಂಚೆಯೇ ಗೀರಿದೆ. ವಿಡಿಯೊ ಹೊರಗೆ ಬಿಡುವ ಹಿಂದಿನ ರಾತ್ರಿ ಮನೆಯಾಕೆ ಕೇಳಿ, “ಅಲ್ರೀ, ಇವರು ಹೊಡೀರಿ ಅಂತಿದಾರಾ, ಬೇಡ ಅಂತಿದಾರಾ?” ಎಂದಳು. “ಮೊಸರು ಹಾಕಿದ ಮೇಲೆ ಕುದಿಸೋದು ಬೇಡ” ಎಂದು ನಿಮ್ಮ ಅಮ್ಮನೂ ಹೇಳಿಯೇ ಹೇಳಿರುತ್ತಾರೆ. ಆ ಬಾಲ ಹೋದರೆ ನೋಡಿದವರ ಮನೆಯಲ್ಲಿ ತಂಬುಳಿ ಒಡೆಯುತ್ತದೆ. ಆದ್ದರಿಂದ ವಾಕ್ಯದ ಕೊನೆಯ ಗೀರನ್ನು ಅಲೆ ನೋಡಿ ಹಾಕಬೇಡಿ, ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿ ಹಾಕಿ, ಮೇಲೆ ಐದಾರು ಫ್ರೇಮ್ ಬಿಡಿ.

ಮೌನ ಇದ್ದಲ್ಲೆಲ್ಲ ತಾನೇ ಕತ್ತರಿಸುವ ಟೂಲ್‌ಗಳ ಆಸೆಯೂ ನಿಮಗೆ ಹತ್ತಬಹುದು. ಉಪನ್ಯಾಸಕ್ಕೆ ಅವು ಚೆನ್ನ. ಆದರೆ ‘ಹಪ್ಪಳ’, ‘ಅಕ್ಕಿ’ ಎನ್ನುವಾಗ ಒತ್ತಕ್ಷರದ ನಡುವೆ ಉಸಿರು ಒಂದು ಕ್ಷಣ ತಡೆದು ನಿಲ್ಲುತ್ತದೆ, ಅದೂ ಮೌನವೇ. ಎಷ್ಟು ಹೊತ್ತಿನ ಮೌನ ಕತ್ತರಿಸಬೇಕು ಎಂಬ ಅಂಕಿಯನ್ನು ತೀರ ಕಡಿಮೆ ಇಟ್ಟರೆ ಪದದ ನಡುವೆಯೇ ಕತ್ತರಿ ಆಡುತ್ತದೆ. ಅರ್ಧ ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ಒಗ್ಗರಣೆಯ ಭಾಗವನ್ನಂತೂ ಅದರ ಕೈಗೆ ಕೊಡಲೇಬೇಡಿ. ಎಣ್ಣೆ ಕಾಯಲೆಂದು ಅಮ್ಮ ಸುಮ್ಮನೆ ನಿಂತಿರುತ್ತಾರಲ್ಲ, ಟೂಲಿನ ಲೆಕ್ಕಕ್ಕೆ ಅದು ಕಸ. ಸಾಸಿವೆಯ ಮೊದಲ ‘ಚಟ್’ ಕೇಳಿಸುವವರೆಗೂ ಅದನ್ನು ಹಾಗೇ ಓಡಲು ಬಿಡಿ.